ಜಾತ್ರೆಯಲ್ಲೊಂದು ಪಿಸುಮಾತು: ಜಿಪಿಎಸ್ ಸಂಕೇತವನ್ನು ಕಾಪಾಡುವ ಕಥೆ

“ಇನ್ನು 300 ಮೀಟರ್ ಹೋಗಿ ಎಡಕ್ಕೆ ತಿರುಗಿ.” ಮಕ್ಕಳೇ, ಈ ದನಿ ನಿಮಗೆಲ್ಲ ಚೆನ್ನಾಗಿ ಗೊತ್ತು. ಕನ್ನಡ ತರಗತಿಗೆ ಹೊರಟಾಗ, ಸ್ನೇಹಿತರ ಮನೆಯ ಹುಟ್ಟುಹಬ್ಬಕ್ಕೆ ಹೊರಟಾಗ ಅಪ್ಪ ಅಮ್ಮ ಕಿವಿಗೊಡುವುದು ಇದೇ ದನಿಗೆ. ತಾನು ಎಲ್ಲಿದ್ದೇನೆ ಎಂದು ಫೋನಿಗೆ ತಿಳಿಯುವುದು ಮುಖ್ಯವಾಗಿ ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆಗಳಿಂದ. ಜಿಪಿಎಸ್ ಕಟ್ಟಿದ್ದು ಅಮೆರಿಕದ ಸೇನೆ. ಇಂದಿಗೂ ನಡೆಸುತ್ತಿರುವುದು ಅದೇ. ನಾವೆಲ್ಲ ಅದನ್ನು ಕಾಸು ಕೊಡದೆ ಬಳಸುವ ಅತಿಥಿಗಳು.

ಈ ವ್ಯವಸ್ಥೆಗೆ ಹುಟ್ಟಿನಿಂದಲೇ ಒಂದು ದೌರ್ಬಲ್ಯವಿದೆ. ಅದರ ಸಂಕೇತ ಬಹಳ ಕ್ಷೀಣ. ಹತ್ತಿರದಲ್ಲಿ ಯಾರಾದರೂ ಅದೇ ತರಂಗದಲ್ಲಿ ಗದ್ದಲ ಎಬ್ಬಿಸಿದರೆ ಅದು ಕೇಳಿಸದೇ ಹೋಗುತ್ತದೆ. ಹೀಗೆ ಬೇಕೆಂದೇ ಗದ್ದಲ ಮಾಡಿ ರೇಡಿಯೋ ಸಂಕೇತವನ್ನು ಮುಳುಗಿಸುವುದಕ್ಕೆ ಜಾಮಿಂಗ್ ಎನ್ನುತ್ತಾರೆ. ಅದನ್ನು ಮಾಡುವ ಯಂತ್ರವೇ ಜಾಮರ್. ಇದರಿಂದ ಪಾರಾಗಲು ಸೇನೆಗಳು ಏನೇನು ಮಾಡಿದವು, ಅದಕ್ಕೆ ಎಷ್ಟು ವರ್ಷ ಹಿಡಿಯಿತು, ನಮ್ಮಂಥ ಸಾಮಾನ್ಯರಿಗೆ ಅದರಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದೇ ಈ ತಿಂಗಳ ಇತಿಹಾಸ ಲೇಖನ.

ತಲೆನೋವು ಮತ್ತು ಆಸ್ಪಿರಿನ್

ಕಥೆ ಉಪಗ್ರಹಗಳಿಗಿಂತ ಹಳೆಯದು. 1940ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನಿಯ ವಿಮಾನಗಳು ಕತ್ತಲಲ್ಲಿ ಬ್ರಿಟನ್ನಿನ ಮೇಲೆ ಬಾಂಬು ಹಾಕಲು ಬರುತ್ತಿದ್ದವು. ಕತ್ತಲಲ್ಲಿ ಊರು ಹುಡುಕುವುದು ಹೇಗೆ? ಜರ್ಮನರು ಒಂದು ಉಪಾಯ ಮಾಡಿದ್ದರು. ಒಂದು ರೇಡಿಯೋ ಕಿರಣವನ್ನು ಗುರಿಯ ಕಡೆಗೆ ನೇರವಾಗಿ ಬಿಡುವುದು. ಇನ್ನೊಂದನ್ನು ಬೇರೆ ಜಾಗದಿಂದ ಬಿಟ್ಟು ಗುರಿಯ ಮೇಲೆ ಅಡ್ಡ ಹಾಯಿಸುವುದು. ಪೈಲಟ್ ಮೊದಲ ಕಿರಣದ ಜಾಡು ಹಿಡಿದು ಹೋಗಿ, ಎರಡನೆಯದು ಕೇಳಿಸಿದಲ್ಲಿ ಬಾಂಬು ಹಾಕಿದರಾಯಿತು.

ಇದನ್ನು ಬಯಲಿಗೆಳೆದವರು ಆರ್. ವಿ. ಜೋನ್ಸ್ ಎಂಬ 28 ವರ್ಷದ ಬ್ರಿಟಿಷ್ ವಿಜ್ಞಾನಿ. 1940ರ ಜೂನ್ 21ರಂದು ಪ್ರಧಾನಿ ಚರ್ಚಿಲ್ ಅವರ ಮುಂದೆ ಕುಳಿತು ಅವರು ಇದನ್ನು ವಿವರಿಸಿದರು. ಬ್ರಿಟಿಷರು ಈ ಕಿರಣಕ್ಕೆ ಇಟ್ಟ ಗುಪ್ತನಾಮ ‘ತಲೆನೋವು’. ಅದನ್ನು ಕೆಡಿಸಲು ತಯಾರಿಸಿದ ಜಾಮರ್‌ಗೆ ಇಟ್ಟ ಹೆಸರು ‘ಆಸ್ಪಿರಿನ್’!

ಜರ್ಮನರು ಸುಮ್ಮನಿರಲಿಲ್ಲ, ಇನ್ನಷ್ಟು ನಿಖರವಾದ ಬೇರೊಂದು ಕಿರಣ ತಂದರು. ಅದಕ್ಕೂ ಬ್ರಿಟಿಷರು ಜಾಮರ್ ಮಾಡಿದರು. ಆದರೆ 1940ರ ನವೆಂಬರ್ 14ರ ರಾತ್ರಿ ಕವೆಂಟ್ರಿ ನಗರದ ಮೇಲೆ ದಾಳಿ ನಡೆದಾಗ ಆ ಜಾಮರ್ ಕೆಲಸಕ್ಕೆ ಬರಲಿಲ್ಲ. ಅದರ ಸ್ವರ ಜರ್ಮನ್ ಕಿರಣದ ಸ್ವರಕ್ಕೆ ಹೊಂದಿರಲಿಲ್ಲ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಶ್ರುತಿ ಸೇರಿರಲಿಲ್ಲ. ವಿಮಾನದ ಉಪಕರಣ ಜಾಮರ್‌ನ ಗದ್ದಲವನ್ನು ಸೋಸಿ ಎಸೆದು ತನ್ನ ಸ್ವರವನ್ನಷ್ಟೇ ಕೇಳಿಸಿಕೊಂಡಿತು. ಆ ಒಂದೇ ರಾತ್ರಿ 500ಕ್ಕೂ ಹೆಚ್ಚು ಜನ ಸತ್ತರು.

ಈ ಘಟನೆಯಲ್ಲಿ ಒಂದು ಪಾಠವಿತ್ತು. ಗದ್ದಲದಿಂದ ತಪ್ಪಿಸಿಕೊಳ್ಳಲು ಜೋರಾಗಿ ಕೂಗಲೇಬೇಕೆಂದಿಲ್ಲ. ನಿಮ್ಮ ಸ್ವರವನ್ನು ಗದ್ದಲದ ಸ್ವರದಿಂದ ಬೇರ್ಪಡಿಸಲು ಬಂದರೆ ಸಾಕು. ಮುಂದೆ 60 ವರ್ಷಗಳ ನಂತರ ಜಿಪಿಎಸ್‌ಗೆ ಕೆಲಸಕ್ಕೆ ಬಂದದ್ದು ಇದೇ ಪಾಠ.

ಬೀಪ್ ಬೀಪ್‌ನಿಂದ ಜಿಪಿಎಸ್‌ವರೆಗೆ

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅದು ಕಳಿಸುತ್ತಿದ್ದ ಬೀಪ್ ಬೀಪ್ ಸದ್ದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ತರುಣ ವಿಜ್ಞಾನಿಗಳು ಗಮನವಿಟ್ಟು ಕೇಳಿದರು. ರೈಲು ಹತ್ತಿರ ಬರುವಾಗ ಅದರ ಸೀಟಿ ಏರುದನಿಯಲ್ಲೂ ದೂರ ಹೋಗುವಾಗ ಇಳಿದನಿಯಲ್ಲೂ ಕೇಳುತ್ತದಲ್ಲ, ಹಾಗೆಯೇ ಸ್ಪುಟ್ನಿಕ್‌ನ ಸ್ವರವೂ ಬದಲಾಗುತ್ತಿತ್ತು. ಆ ಬದಲಾವಣೆಯಿಂದ ಅವರು ಉಪಗ್ರಹದ ಕಕ್ಷೆಯನ್ನು ಲೆಕ್ಕ ಹಾಕಿದರು. 1958ರಲ್ಲಿ ಅವರ ಹಿರಿಯರಾದ ಫ್ರಾಂಕ್ ಮೆಕ್ಲೂರ್ ಪ್ರಶ್ನೆಯನ್ನು ತಿರುವುಹಾಕಿದರು: ನೆಲದಲ್ಲಿರುವ ನಮ್ಮ ಜಾಗದಿಂದ ಉಪಗ್ರಹ ಎಲ್ಲಿದೆಯೆಂದು ತಿಳಿಯುವುದಾದರೆ, ಉಪಗ್ರಹದ ಜಾಗದಿಂದ ನಾವು ಎಲ್ಲಿದ್ದೇವೆಂದು ತಿಳಿಯಬಹುದಲ್ಲವೇ?

ಆ ಪ್ರಶ್ನೆಯಿಂದ ಹುಟ್ಟಿದ್ದು ಟ್ರಾನ್ಸಿಟ್ ಎಂಬ ವ್ಯವಸ್ಥೆ. ಅಮೆರಿಕದ ಜಲಾಂತರ್ಗಾಮಿಗಳು 1960ರ ದಶಕದಲ್ಲಿ ಅದನ್ನು ಬಳಸಿದವು. ಆದರೆ ಅದರಿಂದ ಜಾಗ ತಿಳಿಯಲು ಉಪಗ್ರಹ ತಲೆಯ ಮೇಲೆ ಬರುವವರೆಗೆ ಕಾಯಬೇಕಿತ್ತು. ವೇಗವಾಗಿ ಹಾರುವ ವಿಮಾನಕ್ಕೆ ಅದು ಸಾಲದು. 1973ರಲ್ಲಿ ವಾಯುಪಡೆಯ ಕರ್ನಲ್ ಬ್ರಾಡ್‌ಫರ್ಡ್ ಪಾರ್ಕಿನ್‌ಸನ್ ಅವರ ನೇತೃತ್ವದಲ್ಲಿ ಜಿಪಿಎಸ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮೊದಲ ಉಪಗ್ರಹ 1978ರ ಫೆಬ್ರವರಿಯಲ್ಲಿ ಹಾರಿತು. ವ್ಯವಸ್ಥೆ ಪೂರ್ಣವಾಗಿ ಸಿದ್ಧವೆಂದು ಸಾರಿದ್ದು 1995ರಲ್ಲಿ.

ಪಿಸುಮಾತು ಎಷ್ಟು ಮೆಲ್ಲಗೆ?

ಪ್ರತಿ ಜಿಪಿಎಸ್ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳಿವೆ. ಉಪಗ್ರಹ ಬಿಡುವಿಲ್ಲದೆ ಹೇಳುವುದು ಎರಡೇ ಮಾತು: ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು. ಆ ಮಾತು ಬೆಳಕಿನ ವೇಗದಲ್ಲಿ ಬಂದು ತಲುಪಲು ಎಷ್ಟು ಹೊತ್ತು ಹಿಡಿಯಿತೆಂಬುದರಿಂದ ನಿಮ್ಮ ಫೋನು ದೂರ ಅಳೆಯುತ್ತದೆ. ನಾಲ್ಕು ಉಪಗ್ರಹಗಳಿಂದ ದೂರ ಅಳೆದರೆ ನೀವಿರುವ ಜಾಗ ಗೊತ್ತಾಗುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪಾಗುತ್ತದೆ.

ಉಪಗ್ರಹ ಮಾತನಾಡುವುದು ಹಳೆಯ ಕಾಲದ ಮನೆಯ ಬಲ್ಬಿನಷ್ಟು ಶಕ್ತಿಯಲ್ಲಿ, ಅದೂ 20,200 ಕಿಲೋಮೀಟರ್ ಎತ್ತರದಿಂದ. ನೆಲ ಮುಟ್ಟುವಾಗ ಉಳಿಯುವುದೆಷ್ಟು? ಒಂದು ವ್ಯಾಟನ್ನು ಒಂದು ಕೋಟಿ ಭಾಗ ಮಾಡಿ. ಅದರಲ್ಲಿ ಒಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿ. ಅಂಥ ಒಂದು ಚೂರಿನಷ್ಟು. ಸುತ್ತಲಿನ ಸಹಜ ರೇಡಿಯೋ ಗದ್ದಲಕ್ಕಿಂತಲೂ ಅದು ಕಡಿಮೆ.

ಹಾಗಿದ್ದರೆ ಫೋನಿಗೆ ಕೇಳಿಸುವುದು ಹೇಗೆ? ಊರ ಜಾತ್ರೆಯಲ್ಲಿ ತಮಟೆ, ಪೀಪಿ, ಜನರ ಕೂಗಾಟದ ನಡುವೆಯೂ ಅಮ್ಮ ನಿಮ್ಮ ಹೆಸರು ಹಿಡಿದು ಕರೆದರೆ ನಿಮ್ಮ ಕಿವಿ ಅದನ್ನು ಹಿಡಿಯುತ್ತದೆ. ಆ ದನಿ, ಆ ಹೆಸರು ನಿಮಗೆ ಮೊದಲೇ ಗೊತ್ತಿರುವುದೇ ಅದಕ್ಕೆ ಕಾರಣ. ಜಿಪಿಎಸ್ ಕೂಡ ಹಾಗೆಯೇ. ಪ್ರತಿ ಉಪಗ್ರಹಕ್ಕೂ 1023 ಅಂಕೆಗಳ ತನ್ನದೇ ಒಂದು ಸಂಕೇತಮಾಲೆಯಿದೆ. ಒಂದು ಸೆಕೆಂಡಿನಲ್ಲಿ ಸಾವಿರ ಸಲ ಅದು ಮರುಕಳಿಸುತ್ತದೆ. ಫೋನಿಗೆ ಈ ಮಾಲೆ ಬಾಯಿಪಾಠ. ಹಾಗಾಗಿ ಗದ್ದಲದೊಳಗಿಂದ ಅದನ್ನು ಹೆಕ್ಕಿ ತೆಗೆಯುತ್ತದೆ. ಆದರೆ ಯಾರಾದರೂ ನಿಮ್ಮ ಕಿವಿಯ ಪಕ್ಕದಲ್ಲೇ ತಮಟೆ ಬಡಿದರೆ? ಅಮ್ಮನ ದನಿಯೂ ಕೇಳಿಸದು. ಅದೇ ಜಾಮಿಂಗ್.

ಎರಡು ಬೀಗ, ಒಂದೇ ಬಾಗಿಲು

ಮೊದಲಿನಿಂದಲೂ ಜಿಪಿಎಸ್‌ನಲ್ಲಿ ಎರಡು ಬಗೆಯ ಸಂಕೇತಗಳಿದ್ದವು. ಒಂದು ಎಲ್ಲರಿಗೂ ತೆರೆದದ್ದು. ಇನ್ನೊಂದು ಸೇನೆಯದು: ಹತ್ತು ಪಟ್ಟು ವೇಗದ, ತರಂಗಪಟ್ಟಿಯಲ್ಲಿ ಹೆಚ್ಚು ಅಗಲವಾಗಿ ಹರಡಿದ ಸಂಕೇತ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು. 269 ಜನ ಸತ್ತರು. ಆ ತಿಂಗಳೇ ಅಧ್ಯಕ್ಷ ರೇಗನ್ ಅವರ ಸರಕಾರ, ಜಿಪಿಎಸ್ ಸಿದ್ಧವಾದಾಗ ಅದನ್ನು ನಾಗರಿಕರಿಗೂ ಉಚಿತವಾಗಿ ಕೊಡುವುದಾಗಿ ಘೋಷಿಸಿತು.

ಆದರೆ ಸೇನೆಗೆ ಅಂಜಿಕೆ ಇದ್ದೇ ಇತ್ತು. ಶತ್ರುವೂ ತೆರೆದ ಸಂಕೇತವನ್ನು ಬಳಸಿದರೆ? ಹಾಗಾಗಿ 1990ರಿಂದ ಅದರಲ್ಲಿ ಬೇಕೆಂದೇ ತಪ್ಪು ಬೆರೆಸತೊಡಗಿದರು. ಜಾಗ ಸುಮಾರು 100 ಮೀಟರ್ ಆಚೀಚೆ ಆಗುತ್ತಿತ್ತು. ಮರುವರ್ಷವೇ ಕೊಲ್ಲಿ ಯುದ್ಧ ಬಂತು. ಮರಳುಗಾಡಿನಲ್ಲಿ ದಾರಿ ಹುಡುಕಲು ಸೈನಿಕರಿಗೆ ಜಿಪಿಎಸ್ ಬೇಕೇ ಬೇಕು. ಆದರೆ ಸೇನಾ ಗ್ರಾಹಕ ಯಂತ್ರಗಳು ಸಾಕಷ್ಟಿರಲಿಲ್ಲ. ನಾಗರಿಕರ ಯಂತ್ರಗಳನ್ನೇ ಕೊಂಡು ಹಂಚಿದರು. ಈಗ ಬೆರೆಸಿದ ತಪ್ಪು ತಮ್ಮ ಸೈನಿಕರಿಗೇ ತೊಡಕಾಯಿತು, ಹಾಗಾಗಿ ಯುದ್ಧದ ಹೊತ್ತಿಗೆ ಅದನ್ನು ನಿಲ್ಲಿಸಬೇಕಾಯಿತು! ಕೊನೆಗೆ 2000ದ ಮೇ ತಿಂಗಳ ಮೊದಲ ದಿನ ಅಧ್ಯಕ್ಷ ಕ್ಲಿಂಟನ್ ಅದನ್ನು ಕಾಯಂ ಆಗಿ ತೆಗೆಸಿದರು. ನಮ್ಮ ಕಾರುಗಳಿಗೆ ಸರಿಯಾದ ತಿರುವು ಸಿಗತೊಡಗಿದ್ದು ಅಂದಿನಿಂದ.

ಸೇನಾ ಸಂಕೇತಕ್ಕೆ 1994ರಿಂದ ಗುಪ್ತಲಿಪಿಯ ಬೀಗವೂ ಬಿದ್ದಿತ್ತು. ಆದರೂ ಒಂದು ಪೇಚು ಉಳಿದಿತ್ತು. ಸೇನಾ ಸಂಕೇತದ ಮಾಲೆ ತೀರಾ ಉದ್ದ. ಅದನ್ನು ನೇರವಾಗಿ ಹಿಡಿಯುವುದು ಕಷ್ಟ. ಆದ್ದರಿಂದ ಹೆಚ್ಚಿನ ಸೇನಾ ಯಂತ್ರಗಳು ಮೊದಲು ತೆರೆದ ಸಂಕೇತವನ್ನು ಕೇಳಿ, ಸಮಯ ಹೊಂದಿಸಿಕೊಂಡು, ಆಮೇಲೆ ಗುಪ್ತ ಸಂಕೇತಕ್ಕೆ ದಾಟುತ್ತಿದ್ದವು. ಶತ್ರು ತೆರೆದ ಸಂಕೇತವನ್ನು ಮುಳುಗಿಸಿದರೆ ಸೇನೆಯ ಯಂತ್ರವೂ ಹೊಸ್ತಿಲಲ್ಲೇ ಎಡವುತ್ತಿತ್ತು.

ಗದ್ದಲ ಮಾಡಿದವರು

2003ರಲ್ಲಿ ಇರಾಕ್ ಸೇನೆ ಜಿಪಿಎಸ್ ಜಾಮರ್‌ಗಳನ್ನು ಬಳಸಿತು. ಅಂಥ ಆರು ಜಾಮರ್‌ಗಳನ್ನು ನಾಶ ಮಾಡಿದ್ದಾಗಿ ಅಮೆರಿಕದ ಸೇನೆ ಹೇಳಿತು. ಅವುಗಳಲ್ಲಿ ಒಂದನ್ನು ಹೊಡೆದದ್ದು ಜಿಪಿಎಸ್ ನೆರವಿನ ಬಾಂಬೇ! ಜೋರಾಗಿ ಕೂಗುವವನ ಜಾಗ ಎಲ್ಲರಿಗೂ ತಿಳಿಯುತ್ತದೆ. ಅಲ್ಲದೆ ಆ ಬಾಂಬುಗಳಲ್ಲಿ ಚಲನೆಯನ್ನು ತಾವೇ ಅಳೆದುಕೊಳ್ಳುವ ಉಪಕರಣಗಳೂ ಇದ್ದವು. ಕಣ್ಣು ಮುಚ್ಚಿಕೊಂಡರೂ ಹೆಜ್ಜೆ ಎಣಿಸಿ ಅಡುಗೆಮನೆಗೆ ಹೋಗಬಹುದಲ್ಲ, ಹಾಗೆ.

2012ರ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಉತ್ತರ ಕೊರಿಯಾದ ಕಡೆಯಿಂದ ಬಂದ ಜಾಮಿಂಗ್ ದಕ್ಷಿಣ ಕೊರಿಯಾದಲ್ಲಿ ಸಾವಿರಕ್ಕೂ ಹೆಚ್ಚು ವಿಮಾನಗಳನ್ನೂ ನೂರಾರು ಹಡಗುಗಳನ್ನೂ ಕಾಡಿತು. ಬೇರೆ ಉಪಕರಣಗಳು ಇದ್ದುದರಿಂದ ವಿಮಾನಗಳು ಕ್ಷೇಮವಾಗಿ ಇಳಿದವು.

ಜಾಮಿಂಗ್‌ಗೆ ಸೈನ್ಯವೇ ಬೇಕೆಂದಿಲ್ಲ. ಅದೇ 2012ರಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದ ಬಳಿ ಒಬ್ಬ ಚಾಲಕ ಸಿಕ್ಕಿಬಿದ್ದ. ತನ್ನ ವಾಹನ ಎಲ್ಲಿದೆಯೆಂದು ಮಾಲೀಕರಿಗೆ ತಿಳಿಯಬಾರದೆಂದು ಅವನು ಒಂದು ಪುಟ್ಟ ಜಾಮರ್ ಇಟ್ಟುಕೊಂಡಿದ್ದ. ಅದು ವಿಮಾನಗಳನ್ನು ಇಳಿಸಲು ನೆರವಾಗುವ ಹೊಸ ವ್ಯವಸ್ಥೆಯನ್ನೇ ಕೆಡಿಸುತ್ತಿತ್ತು. ಸರಕಾರ ಅವನಿಗೆ ಸುಮಾರು 32,000 ಡಾಲರ್ ದಂಡ ಹಾಕಲು ಮುಂದಾಯಿತು.

ಎಂ-ಕೋಡ್: ರಥಬೀದಿಯ ಪಕ್ಕದ ಓಣಿಗಳು

ಈ ಪೇಚಿಗೆ ಉತ್ತರವಾಗಿ ಅಮೆರಿಕ ರೂಪಿಸಿದ ಹೊಸ ಸೇನಾ ಸಂಕೇತದ ಹೆಸರು ಎಂ-ಕೋಡ್. ಜಾತ್ರೆಯ ದಿನ ರಥಬೀದಿಯ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಊರಿನವರು ಎರಡೂ ಬದಿಯ ಓಣಿಗಳಲ್ಲಿ ಸರಸರ ನಡೆದುಬಿಡುತ್ತಾರೆ. ಎಂ-ಕೋಡ್ ಮಾಡುವುದೂ ಅದನ್ನೇ. ನಾಗರಿಕ ಸಂಕೇತ ತರಂಗಪಟ್ಟಿಯ ನಡುವೆ ಇರುತ್ತದೆ. ಎಂ-ಕೋಡ್ ತನ್ನ ಶಕ್ತಿಯನ್ನು ಪಟ್ಟಿಯ ಎರಡು ಅಂಚುಗಳಿಗೆ ಸರಿಸುತ್ತದೆ. ಅದನ್ನು ಹಿಡಿಯಲು ನಾಗರಿಕ ಸಂಕೇತದ ಕೈ ಹಿಡಿಯಬೇಕಿಲ್ಲ. ಯಂತ್ರ ನೇರವಾಗಿ ಕೇಳಿಸಿಕೊಳ್ಳಬಹುದು. ಸ್ವರವನ್ನು ಬೇರ್ಪಡಿಸಿಕೊಳ್ಳುವ ಹಳೆಯ ಪಾಠವೇ ಇದು.

ಇದರಲ್ಲಿ ಇನ್ನೊಂದು ಲೆಕ್ಕಾಚಾರವೂ ಇದೆ. ಯುದ್ಧಭೂಮಿಯಲ್ಲಿ ಶತ್ರುವಿಗೆ ತೆರೆದ ಸಂಕೇತ ಸಿಗಬಾರದೆಂದು ಅಮೆರಿಕ ತಾನೇ ಬೀದಿಯ ನಡುವೆ ಗದ್ದಲ ಎಬ್ಬಿಸಿದರೂ, ಓಣಿಯಲ್ಲಿ ನಡೆಯುವ ತನ್ನವರಿಗೆ ತೊಂದರೆಯಾಗದು. ಯುರೋಪು ತನ್ನ ಗೆಲಿಲಿಯೋ ಉಪಗ್ರಹಗಳ ಸಂಕೇತವನ್ನು ಅದೇ ಓಣಿಗಳಲ್ಲಿ ಇಡಲು ಹೊರಟಾಗ ಅಮೆರಿಕ ಬಲವಾಗಿ ವಿರೋಧಿಸಿದ್ದು ಇದಕ್ಕಾಗಿಯೇ. ವರ್ಷಗಟ್ಟಲೆ ಚೌಕಾಸಿ ನಡೆದು 2004ರ ಜೂನ್‌ನಲ್ಲಿ ಐರ್ಲೆಂಡಿನಲ್ಲಿ ಒಪ್ಪಂದವಾಯಿತು.

ಸಂಕೇತ ಬದಲಾಯಿಸಿದ್ದು ಒಂದು ದಾರಿ. ಇನ್ನೊಂದು ದಾರಿ ಕಿವಿಯನ್ನೇ ಜಾಣ ಮಾಡುವುದು. ತಮಟೆ ಬಲಗಡೆಯಿಂದ ಬಡಿದರೆ ನೀವು ಬಲಗಿವಿಗೆ ಕೈ ಅಡ್ಡ ಹಿಡಿಯುವುದಿಲ್ಲವೇ? ಹಲವು ತುಣುಕುಗಳಿರುವ ವಿಶೇಷ ಆಂಟೆನಾಗಳು ಜಾಮರ್ ಯಾವ ದಿಕ್ಕಿನಲ್ಲಿದೆಯೆಂದು ತಿಳಿದು, ಆ ದಿಕ್ಕಿಗೆ ಮಾತ್ರ ಕಿವುಡಾಗುತ್ತವೆ.

ಆದರೆ ಸಂಕೇತ ಕಂಡುಹಿಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಉಪಗ್ರಹ, ಅದನ್ನು ನಡೆಸುವ ನೆಲದ ಕೇಂದ್ರ, ಸೈನಿಕನ ಕೈಯ ಯಂತ್ರ ಮೂರೂ ಬದಲಾಗಬೇಕು. ಎಂ-ಕೋಡ್ ಬಲ್ಲ ಮೊದಲ ಉಪಗ್ರಹ ಹಾರಿದ್ದು 2005ರ ಸೆಪ್ಟೆಂಬರಿನಲ್ಲಿ. ಅಂಥ ಉಪಗ್ರಹಗಳ ಸಂಖ್ಯೆ 24ಕ್ಕೆ ಏರಿದ್ದು 2021ರಲ್ಲಿ, ಐದನೆಯ ಜಿಪಿಎಸ್-3 ಉಪಗ್ರಹ ಹಾರಿದ ಮೇಲೆ. ನೆಲದ ಹೊಸ ನಿಯಂತ್ರಣ ವ್ಯವಸ್ಥೆಗೆ 2010ರಲ್ಲೇ ಗುತ್ತಿಗೆ ಕೊಟ್ಟರೂ ಅದು ವರ್ಷಗಟ್ಟಲೆ ತಡವಾಯಿತು. ಕಾಯಲಾರದೆ 2020ರಲ್ಲಿ ಹಳೆಯ ವ್ಯವಸ್ಥೆಗೇ ತೇಪೆ ಹಾಕಿ ಎಂ-ಕೋಡ್ ನಡೆಸತೊಡಗಿದರು. ಇನ್ನು ಗ್ರಾಹಕ ಯಂತ್ರಗಳು: ವಿಮಾನ, ಹಡಗು, ಟ್ಯಾಂಕು, ಕ್ಷಿಪಣಿ ಹೀಗೆ ನೂರಾರು ಬಗೆಯ ಸಲಕರಣೆಗಳ ಒಡಲಲ್ಲಿ ಅವು ಅಡಗಿವೆ. ಒಂದೊಂದನ್ನೂ ಬಿಚ್ಚಿ ಹೊಸ ಚಿಪ್ ಕೂರಿಸಿ ಪರೀಕ್ಷಿಸಬೇಕು. ಬೀಗ ಮೊದಲು ಬಂತು, ಬಾಗಿಲು ತಡವಾಗಿ ಬಂತು, ಕೀಲಿಕೈ ಹಂಚುವುದು ಎಲ್ಲಕ್ಕಿಂತ ನಿಧಾನವಾಯಿತು. ಮುಂದಿನ ಪೀಳಿಗೆಯ ಉಪಗ್ರಹಗಳು ಒಂದು ಪ್ರದೇಶದ ಮೇಲೆ ಮಾತ್ರ ಎಂ-ಕೋಡ್ ಅನ್ನು ಟಾರ್ಚಿನ ಬೆಳಕಿನಂತೆ ಪ್ರಬಲವಾಗಿ ಬೀರುವಂತೆ ರೂಪುಗೊಳ್ಳುತ್ತಿವೆ.

ಉಳಿದವರ ಪಾಡು

ಇಷ್ಟೆಲ್ಲ ಕಾವಲು ಸೇನೆಯ ಪಿಸುಮಾತಿಗೆ. ಆಂಬುಲೆನ್ಸ್, ಮೀನುಗಾರರ ದೋಣಿ, ನಾವು ಬೇಸಿಗೆ ರಜೆಗೆ ಊರಿಗೆ ಹೋಗುವ ವಿಮಾನ ಇವೆಲ್ಲ ಕೇಳುವುದು ತೆರೆದ ಸಂಕೇತಗಳನ್ನು. ನಾಗರಿಕರಿಗೂ ಹೊಸ ಸಂಕೇತಗಳು ಬಂದಿವೆ. ಆದರೆ ಎಲ್ಲರಿಗೂ ಕೇಳಿಸಬೇಕಾದ ದನಿಗೆ ಗುಪ್ತ ಬೀಗ ಹಾಕಲಾಗದು.

ಗದ್ದಲಕ್ಕಿಂತ ಅಪಾಯಕಾರಿ ಇನ್ನೊಂದಿದೆ: ಅಮ್ಮನ ದನಿಯನ್ನೇ ಅನುಕರಿಸಿ ತಪ್ಪು ದಾರಿಗೆ ಕರೆಯುವುದು. ಇದಕ್ಕೆ ಸ್ಪೂಫಿಂಗ್ ಎನ್ನುತ್ತಾರೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಕನಿಷ್ಠ 20 ಹಡಗುಗಳ ಉಪಕರಣಗಳು, ‘ನೀವು ವಿಮಾನ ನಿಲ್ದಾಣದಲ್ಲಿದ್ದೀರಿ’ ಎಂದು ತೋರಿಸಿದವು!

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಯುದ್ಧ ಸಾರಿದ ನಂತರ ಜಾಮಿಂಗ್ ದಿನನಿತ್ಯದ ಆಯುಧವಾಯಿತು. ಅಮೆರಿಕ ಕೊಟ್ಟ, ಜಿಪಿಎಸ್ ನೆರವಿನ ಫಿರಂಗಿ ಗುಂಡುಗಳು ಮೊದಮೊದಲು ಕರಾರುವಾಕ್ಕಾಗಿ ಬಿದ್ದು, ಆಮೇಲೆ ಜಾಮಿಂಗ್‌ನಿಂದಾಗಿ ಗುರಿ ತಪ್ಪತೊಡಗಿದವು. ಅಡ್ಡಿ ಯುದ್ಧಭೂಮಿಯ ಗಡಿ ದಾಟಿ ಬಾಲ್ಟಿಕ್ ಪ್ರದೇಶಕ್ಕೂ ಹಬ್ಬಿತು. 2024ರ ಏಪ್ರಿಲ್ ಕೊನೆಯಲ್ಲಿ ಫಿನ್‌ಏರ್ ವಿಮಾನ ಸಂಸ್ಥೆ ಎಸ್ಟೋನಿಯಾದ ಟಾರ್ಟು ನಗರಕ್ಕೆ ಒಂದು ತಿಂಗಳ ಕಾಲ ಹಾರಾಟ ನಿಲ್ಲಿಸಿತು. ಅಲ್ಲಿ ಇಳಿಯುವ ವಿಧಾನ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿತ್ತು. ಜಿಪಿಎಸ್ ಬೇಡದ ಬೇರೊಂದು ವಿಧಾನವನ್ನು ಜೋಡಿಸಿದ ಮೇಲೆ ವಿಮಾನಗಳು ಮತ್ತೆ ಬಂದವು. ಕೊರಿಯಾದಲ್ಲಿ ಕ್ಷೇಮ, ಟಾರ್ಟುವಿನಲ್ಲಿ ಸಂಕಟ: ವ್ಯತ್ಯಾಸ ಇದ್ದದ್ದು ಎರಡನೆಯ ದಾರಿ ಇದೆಯೇ ಇಲ್ಲವೇ ಎಂಬುದರಲ್ಲಿ.

ಬ್ಯಾಲಾಳು, ಹಾಸನ ಮತ್ತು ನಾವಿಕ್

ಇಂಥ ವ್ಯವಸ್ಥೆಗೆ ಪರರನ್ನೇ ನಂಬಿ ಕೂರಬಾರದೆಂಬ ಯೋಚನೆ ಭಾರತದಲ್ಲೂ ಬಲಿಯಿತು. 2006ರಲ್ಲಿ ಸರಕಾರ ಸ್ವಂತ ಉಪಗ್ರಹ ಸರಣಿಗೆ ಒಪ್ಪಿಗೆ ಕೊಟ್ಟಿತು. ಮೊದಲ ಉಪಗ್ರಹ 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಹಾರಿದವು. ವ್ಯವಸ್ಥೆಗೆ ನಾವಿಕ್ ಎಂದು ಹೆಸರಾಯಿತು. ಅದರ ಪಥದರ್ಶನ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ. ಉಪಗ್ರಹಗಳನ್ನು ಕಕ್ಷೆಯಲ್ಲಿ ನೋಡಿಕೊಳ್ಳುವುದರಲ್ಲಿ ಹಾಸನದ ಇಸ್ರೋ ಕೇಂದ್ರದ ಪಾತ್ರ ದೊಡ್ಡದು. ನಾವಿಕ್‌ನಲ್ಲೂ ಎಲ್ಲರಿಗೆ ಒಂದು ಸಂಕೇತ, ಅಧಿಕೃತ ಬಳಕೆದಾರರಿಗೆ ಗುಪ್ತಲಿಪಿಯ ಇನ್ನೊಂದು ಸಂಕೇತ ಇವೆ.

ಇಲ್ಲಿಯೂ ದಾರಿ ಸಲೀಸಾಗಿರಲಿಲ್ಲ. ಮೊದಲ ಉಪಗ್ರಹದ, ಹೊರದೇಶದಿಂದ ತರಿಸಿದ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು. ದೇಶದಲ್ಲೇ ತಯಾರಿಸಿದ ಗಡಿಯಾರ ಹೊತ್ತ ಉಪಗ್ರಹ 2023ರ ಮೇ 29ರಂದು ಹಾರಿತು. 2025ರ ಜನವರಿಯಲ್ಲಿ ಹೋದ ಮುಂದಿನ ಉಪಗ್ರಹಕ್ಕೆ ತನ್ನ ಕಕ್ಷೆ ಸೇರಲಾಗಲಿಲ್ಲ. ಸ್ವಂತ ದನಿ ಇಟ್ಟುಕೊಳ್ಳುವುದು ದುಬಾರಿ, ಅದನ್ನು ಕಾಪಾಡಿಕೊಳ್ಳುವುದು ಇನ್ನೂ ದುಬಾರಿ.

ಮತ್ತೆ ನಕ್ಷತ್ರಗಳ ಕಡೆಗೆ

ಅಮೆರಿಕದ ನೌಕಾ ಅಕಾಡೆಮಿ ಜಿಪಿಎಸ್ ಬಂದ ಮೇಲೆ, ನಕ್ಷತ್ರ ನೋಡಿ ದಾರಿ ಕಂಡುಕೊಳ್ಳುವ ಪಾಠವನ್ನು ಕೈಬಿಟ್ಟಿತ್ತು. 2015ರಲ್ಲಿ ಅದನ್ನು ಮತ್ತೆ ಶುರು ಮಾಡಿತು. ಕೋಟಿಗಟ್ಟಲೆ ಡಾಲರಿನ ಉಪಗ್ರಹಗಳನ್ನು ಇಟ್ಟುಕೊಂಡವರೇ ಮಕ್ಕಳ ಕೈಗೆ ಮತ್ತೆ ಹಳೆಯ ಸೆಕ್ಸ್‌ಟೆಂಟ್ ಕೊಟ್ಟರು. ನಕ್ಷತ್ರಗಳನ್ನು ಜಾಮ್ ಮಾಡಲು ಯಾರಿಗೂ ಬರುವುದಿಲ್ಲ, ಮೋಡಗಳಿಗೆ ಬಿಟ್ಟು!

ಹೊಸದನ್ನು ಬಲಪಡಿಸುವುದು ಎಷ್ಟು ಮುಖ್ಯವೋ, ಅದು ಕೈಕೊಟ್ಟಾಗ ನಡೆಯಬಲ್ಲ ಇನ್ನೊಂದು ದಾರಿಯನ್ನು ಮರೆಯದಿರುವುದೂ ಅಷ್ಟೇ ಮುಖ್ಯ. ಸೇನೆಗಳು ಇದನ್ನು ಕಲಿಯಲು ಬಹಳ ವರ್ಷ ತೆಗೆದುಕೊಂಡವು. ನಾವು ಒಂದು ವಾರಾಂತ್ಯದಲ್ಲಿ ಕಲಿಯಲು ಶುರು ಮಾಡಬಹುದು.

ಮನೆಯಲ್ಲಿ ಮಾಡಿ, ಮಾತಾಡಿ

1. ಮನೆಯಿಂದ ಕನ್ನಡ ಶಾಲೆಗೆ ಬರುವ ದಾರಿಯನ್ನು ಫೋನು ನೋಡದೆ ಕಾಗದದ ಮೇಲೆ ಬರೆಯಿರಿ. ಮುಂದಿನ ವಾರ ಅಪ್ಪ ಅಮ್ಮನಿಗೆ ನೀವೇ ದಾರಿ ಹೇಳಿ.

2. ಅಜ್ಜ ಅಜ್ಜಿಗೆ ಕರೆ ಮಾಡಿದಾಗ ಕೇಳಿ: ಫೋನಿಲ್ಲದ ಕಾಲದಲ್ಲಿ ಹೊಸ ಊರಿಗೆ ಹೋದಾಗ ಮನೆ ಹುಡುಕುತ್ತಿದ್ದುದು ಹೇಗೆ?

3. ಒಂದು ಸಂಕೇತ ಎಲ್ಲರಿಗೂ ಉಚಿತವಾಗಿ ಸಿಗಬೇಕೇ, ಕೆಲವರಿಗೆ ಮಾತ್ರ ಭದ್ರವಾಗಿ ಸಿಗಬೇಕೇ? ಎರಡೂ ಸಾಧ್ಯವೇ? ತರಗತಿಯಲ್ಲಿ ಚರ್ಚಿಸೋಣ.